ಮನೆಯಲ್ಲಿ ದೊಡ್ಡ ಹವಳದ ಅಕ್ವೇರಿಯಂ: ಯೋಜನೆ ಮತ್ತು ಸಲಕರಣೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳು ಮಾತುಕತೆಗಳಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಎದುರಾದವು. ಕೇಳಿದವರ ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಳ್ಳಲಾಗಿದೆ. ಲೆಕ್ಕ ಬೇಕಾದ ಕಡೆಯಲ್ಲೆಲ್ಲ 180 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ, ಸುಮಾರು 650 ಲೀಟರಿನ ತೊಟ್ಟಿಯನ್ನೂ ಅದರ ಕೆಳಗೆ 100 ಲೀಟರ್ ನೀರು ನಿಲ್ಲುವ ಸಂಪನ್ನೂ (ಸಲಕರಣೆಗಳಿರುವ ಎರಡನೆಯ ತೊಟ್ಟಿ) ಉದಾಹರಣೆಯಾಗಿ ಇಟ್ಟುಕೊಂಡಿದೆ. ಒಟ್ಟು ನೀರು 750 ಲೀಟರ್. ದೀಪ ಮತ್ತು ಹವಳಗಳಿಗಿಂತ ನೆಲ, ನೀರು, ಕೊಳವೆ, ವಿದ್ಯುತ್ತುಗಳಿಗೆ ಇಲ್ಲಿ ಹೆಚ್ಚು ಜಾಗ ಸಂದಿದೆ. ನೀರು ತುಂಬಿದ ಮೇಲೆ ದೀಪವನ್ನು ಬದಲಿಸಬಹುದು, ಹವಳವನ್ನು ಸರಿಸಬಹುದು. ನೆಲದ ತೊಲೆಯನ್ನೂ ಗಾಜಿಗೆ ಕೊರೆದ ರಂಧ್ರವನ್ನೂ ಬದಲಿಸಲಾಗದು.

## ಮೊದಲು ತೀರ್ಮಾನಿಸಬೇಕಾದದ್ದು

ಸಿಹಿನೀರಿನ ಮೀನು ಸಾಕಿ ಅನುಭವವಿದೆ. ನೇರವಾಗಿ ದೊಡ್ಡ ಹವಳದ ತೊಟ್ಟಿಗೇ ಕೈಹಾಕಬಹುದೇ?

ಹಾಕಬಹುದು. ನೀರು ಹೆಚ್ಚಿದ್ದಷ್ಟೂ ತಾಪ, ಲವಣಾಂಶ, ಅಮೋನಿಯಾಗಳ ಏರುಪೇರು ನಿಧಾನವಾಗುತ್ತದೆ. ಸತ್ತುಬಿದ್ದ ಒಂದು ದೊಡ್ಡ ಬಸವನಹುಳು 40 ಲೀಟರಿನ ತೊಟ್ಟಿಯನ್ನು ಕೆಡಿಸಬಲ್ಲದು. 750 ಲೀಟರಿನಲ್ಲಿ ಅದು ಗಮನಕ್ಕೇ ಬಾರದಿರಬಹುದು. ಆದರೆ ಕೆಟ್ಟದ್ದನ್ನು ಸರಿಪಡಿಸುವ ಕೆಲಸವೂ ಅಷ್ಟೇ ದೊಡ್ಡದಾಗುತ್ತದೆ: ಶೇ. 10ರಷ್ಟು ನೀರು ಬದಲಿಸಬೇಕೆಂದರೆ 75 ಲೀಟರ್ ಶುದ್ಧ ನೀರು ಮತ್ತು ಹತ್ತಿರ ಹತ್ತಿರ 3 ಕಿಲೋ ಉಪ್ಪು ಸಿದ್ಧವಿರಬೇಕು. ಸಾರಜನಕ ಚಕ್ರದ ಬಗ್ಗೆ ನಿಮಗಿರುವ ತಿಳಿವಳಿಕೆ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಹೊಸದಾಗಿ ಕಲಿಯಬೇಕಾದದ್ದು ಹವಳದ ರಸಾಯನ. ಕಲ್ಲುಹವಳವು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟಿನಿಂದ ತನ್ನ ಅಸ್ಥಿಪಂಜರವನ್ನು ಕಟ್ಟಿಕೊಳ್ಳುವುದರಿಂದ, ನೀರು ಶುದ್ಧವಾಗಿದ್ದರಷ್ಟೇ ಸಾಲದು. ಪ್ರತಿದಿನ ಅದರಿಂದ ಖರ್ಚಾದದ್ದು ಮತ್ತೆ ತುಂಬಿಬರಬೇಕು.

ಎತ್ತರದ ತೊಟ್ಟಿ ನೋಡಲು ಚೆನ್ನಾಗಿರುತ್ತದೆ. 90 ಸೆಂ.ಮೀ. ಎತ್ತರ ಮಾಡಿಸಲೇ?

ಬೇಡ. ಎತ್ತರ ಹೆಚ್ಚಿದಂತೆ ಗಾಜಿನ ದಪ್ಪ ಹೆಚ್ಚಬೇಕು, ದೀಪದ ಶಕ್ತಿ ಹೆಚ್ಚಬೇಕು, ಕೈ ಮಾತ್ರ ಉದ್ದವಾಗುವುದಿಲ್ಲ. 60 ಸೆಂ.ಮೀ. ಆಳದ ತಳವನ್ನು ಮುಟ್ಟಲೇ ಹೆಚ್ಚಿನವರಿಗೆ ಭುಜದವರೆಗೆ ತೋಳು ಮುಳುಗಿಸಬೇಕಾಗುತ್ತದೆ. ಅದಕ್ಕಿಂತ ಆಳವಾದ ತೊಟ್ಟಿಯಲ್ಲಿ ಬಿದ್ದ ಹವಳವನ್ನು ಎತ್ತಿಡುವುದೂ ಇಕ್ಕುಳದ ಕೆಲಸವಾಗುತ್ತದೆ. ಉಳಿದ ಜಾಗವನ್ನು ಅಗಲಕ್ಕೆ ಕೊಡಿ. ಮುಂದಿನಿಂದ ಹಿಂದಕ್ಕೆ 75 ಸೆಂ.ಮೀ. ಇದ್ದರೆ ಕಲ್ಲುಗಳ ನಡುವೆ ಕಣಿವೆ, ಗುಹೆ, ನೀರು ಹರಿಯುವ ದಾರಿ ಎಲ್ಲಕ್ಕೂ ಎಡೆ ಸಿಗುತ್ತದೆ. ಉದ್ದವು ಮೀನುಗಳ ಹಕ್ಕು: ಟ್ಯಾಂಗ್ ಜಾತಿಯ ಮೀನುಗಳು ದಿನವಿಡೀ ಈಜುವಂಥವು, ಅವುಗಳಿಗೆ 180 ಸೆಂ.ಮೀ. ಉದ್ದವನ್ನು ಕನಿಷ್ಠವೆಂದೇ ತಿಳಿಯಬೇಕು.

ನಮ್ಮ ಮನೆ ಮೊದಲ ಮಹಡಿಯಲ್ಲಿದೆ. ನೆಲ ಇಷ್ಟು ಭಾರ ತಡೆಯುತ್ತದೆಯೇ?

ಮೊದಲು ಭಾರವನ್ನೇ ಲೆಕ್ಕ ಹಾಕಿ. ಸಮುದ್ರದ ನೀರು ಲೀಟರಿಗೆ ಸುಮಾರು 1.025 ಕಿಲೋ ತೂಗುತ್ತದೆ. 650 ಲೀಟರಿಗೆ 665 ಕಿಲೋ ಆಯಿತು. 15 ಮಿ.ಮೀ. ಗಾಜಿನಲ್ಲಿ ಕಟ್ಟಿದ ಬರಿ ತೊಟ್ಟಿಯೇ 150 ಕಿಲೋ ಸಮೀಪ. ಸಂಪಿನ ನೀರು, ಸ್ಟ್ಯಾಂಡು, ಕಲ್ಲು, ಮರಳು ಸೇರಿದರೆ ಒಟ್ಟು ಒಂದು ಟನ್ನನ್ನು ದಾಟುತ್ತದೆ, ಮತ್ತು ಅದು ಒಂದು ಚದರ ಮೀಟರಿಗಿಂತ ತುಸು ಹೆಚ್ಚಿನ ಜಾಗದ ಮೇಲೆ ಕೂರುತ್ತದೆ. ಮನೆಯ ಕೋಣೆಗಳನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ ವಿನ್ಯಾಸಗೊಳಿಸಿರುತ್ತಾರೆ. ಅದು ಇಡೀ ಕೋಣೆಗೆ ಹರಡಿದ ಭಾರದ ಲೆಕ್ಕವಾದ್ದರಿಂದ ಎರಡೂ ಅಂಕಿಗಳನ್ನು ನೇರವಾಗಿ ಹೋಲಿಸಿ ಹೆದರಬೇಕಾಗಿಲ್ಲ. ಹಾಗೆಂದು ಕಡೆಗಣಿಸುವಂತೆಯೂ ಇಲ್ಲ. ಭಾರ ಹೊರುವ ಗೋಡೆಗೆ ಒತ್ತಿ, ಸಾಧ್ಯವಾದರೆ ತೊಲೆಯ ಮೇಲೆಯೇ ತೊಟ್ಟಿ ಕೂರಬೇಕು. ಮರದ ನೆಲವಾಗಿದ್ದರೆ ಉದ್ದನೆಯ ಬದಿಯು ಅಡ್ಡಪಟ್ಟಿಗಳನ್ನು ಹಾಯ್ದು ಹೋಗುವಂತಿರಬೇಕು. ನೆಲಮಟ್ಟದಲ್ಲಿಲ್ಲದ ಯಾವುದೇ ಕೋಣೆಗೆ ಸ್ಟ್ರಕ್ಚರಲ್ ಎಂಜಿನಿಯರರಿಂದ ಲಿಖಿತ ಅಭಿಪ್ರಾಯ ಪಡೆಯದೆ ತೊಟ್ಟಿಗೆ ಅಳತೆ ಕೊಡಬೇಡಿ. ಇಡೀ ಯೋಜನೆಯಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ಗಾಜು ಒಳ್ಳೆಯದೋ ಅಕ್ರಿಲಿಕ್ಕೋ?

ಅಕ್ರಿಲಿಕ್ ಹಗುರ, ಆದರೆ ಪಾಚಿ ಉಜ್ಜುವಾಗ ಮರಳಿನ ಒಂದು ಕಣ ಸಿಕ್ಕಿಕೊಂಡರೂ ಗೀರು ಬೀಳುತ್ತದೆ. ಹವಳದ ತೊಟ್ಟಿಯಲ್ಲಿ ಉಜ್ಜುವ ಕೆಲಸ ತಪ್ಪಿದ್ದಲ್ಲವಾದ್ದರಿಂದ ಗಾಜೇ ಮೇಲು. ಮುಂಭಾಗಕ್ಕೆ ಕಬ್ಬಿಣಾಂಶ ಕಡಿಮೆಯಿರುವ ಗಾಜು ಹಾಕಿಸಿದರೆ ಹಸಿರು ಛಾಯೆ ಕಾಣುವುದಿಲ್ಲ.

ಕಿಟಕಿಯ ಪಕ್ಕ ಇಟ್ಟರೆ ಸಹಜವಾದ ಬಿಸಿಲು ಸಿಗುತ್ತದೆಯಲ್ಲವೇ?

ಬೆಳಕಿನ ಜೊತೆಗೆ ಹತೋಟಿಗೆ ಸಿಗದ ಶಾಖವೂ ಸಿಗುತ್ತದೆ. ಒಳಗೋಡೆಯ ಪಕ್ಕ, ಗಾಳಿಯಾಡುವ ಕೋಣೆಯಲ್ಲಿ, ಹಿಂಭಾಗದಲ್ಲಿ ಕೈ ಹೋಗುವಷ್ಟು ತೆರಪು ಬಿಟ್ಟು ಇಡಿ. ಈ ಗಾತ್ರದ ತೊಟ್ಟಿಯಿಂದ ದಿನಕ್ಕೆ 7 ಲೀಟರಿನಷ್ಟು ನೀರು ಆವಿಯಾಗಿ ಕೋಣೆ ಸೇರಬಹುದು. ಅದು ಹೊರಹೋಗಲು ದಾರಿಯಿಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ.

## ನೀರು ಮತ್ತು ಕೊಳವೆಗಳು

ಸಮುದ್ರದ ನೀರನ್ನೇ ತಂದು ಹಾಕಬಾರದೇ? ಇಲ್ಲವೇ ನಲ್ಲಿ ನೀರಿಗೆ ಉಪ್ಪು ಬೆರೆಸಿದರೆ ಸಾಲದೇ?

ದಡದ ನೀರಿನಲ್ಲಿ ನದಿಯ ಸಿಹಿನೀರು, ಕೊಳಚೆ, ಎಣ್ಣೆ ಬೆರೆತಿರುವ ಸಾಧ್ಯತೆ ಹೆಚ್ಚು. ವಾರಕ್ಕೆ 75 ಲೀಟರನ್ನು ದೂರದಿಂದ ಹೊತ್ತು ತರುವುದೂ ಬಹುಕಾಲ ನಡೆಯುವ ಮಾತಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್ ಅಥವಾ ಕ್ಲೋರಮೈನ್, ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಇರುತ್ತವೆ. ಹಳೆಯ ಕೊಳವೆಗಳಿಂದ ಬರುವ ತಾಮ್ರವಂತೂ ಸೀಗಡಿ, ಬಸವನಹುಳು, ಹವಳಗಳಿಗೆ ಅತ್ಯಲ್ಪ ಪ್ರಮಾಣದಲ್ಲೇ ವಿಷ. ಆದ್ದರಿಂದ ಆರ್‌ಒ ಪೊರೆಯ ನಂತರ, ಉಳಿದ ಲವಣಗಳನ್ನು ಹೀರುವ ಡಿಐ ರಾಳದ ಹಂತವೂ ಇರುವ ಶುದ್ಧೀಕರಣ ಘಟಕ ಬೇಕು, ಹೊರಬರುವ ನೀರಿನ ಟಿಡಿಎಸ್ (ಕರಗಿರುವ ಘನವಸ್ತುಗಳ ಪ್ರಮಾಣ) ಸೊನ್ನೆ ತೋರಿಸಬೇಕು. ಕುಡಿಯುವ ನೀರಿನ ಆರ್‌ಒ ಯಂತ್ರದಲ್ಲಿ ಈ ಕೊನೆಯ ಹಂತ ಸಾಮಾನ್ಯವಾಗಿ ಇರುವುದಿಲ್ಲ, ಕೆಲವು ಯಂತ್ರಗಳು ಖನಿಜಗಳನ್ನು ಮತ್ತೆ ಸೇರಿಸುತ್ತವೆ ಕೂಡ.

ಆ ನೀರಿಗೆ ಬೆರೆಸಬೇಕಾದದ್ದು ಅಡುಗೆ ಉಪ್ಪಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲವೂ ಇರುವ, ಹವಳದ ತೊಟ್ಟಿಗಾಗಿಯೇ ತಯಾರಾದ ಉಪ್ಪು. ಗುರಿ ಲವಣಾಂಶ ಸಾವಿರಕ್ಕೆ 35, ಅಂದರೆ 25 ಡಿಗ್ರಿಯಲ್ಲಿ ಸುಮಾರು 1.026 ಸಾಪೇಕ್ಷ ಸಾಂದ್ರತೆ. ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಶುದ್ಧ ನೀರಿನಿಂದ ಮಾತ್ರ ಸರಿಹೊಂದಿಸದೆ 35ರ ಪ್ರಮಾಣಿತ ದ್ರಾವಣದಿಂದ ಸರಿಹೊಂದಿಸಬೇಕು. ಶುದ್ಧ ನೀರಿಗೊಂದು, ಬೆರೆಸಿದ ಉಪ್ಪುನೀರಿಗೊಂದು ಹೀಗೆ ಎರಡು ಡ್ರಮ್ಮುಗಳಿಗೆ ಯೋಜನೆಯ ಹಂತದಲ್ಲೇ ಜಾಗ ಗುರುತಿಸಿ. ನೀರು ಹೊತ್ತು ಬೇಸತ್ತು ತೊಟ್ಟಿಯನ್ನೇ ಕೈಬಿಡುವ ಪರಿಸ್ಥಿತಿ ಇದರಿಂದ ತಪ್ಪುತ್ತದೆ.

ಸಂಪ್ ಇಲ್ಲದೆ ಆಗುವುದಿಲ್ಲವೇ?

ಇಷ್ಟು ದೊಡ್ಡ ತೊಟ್ಟಿಗೆ ಸಂಪ್ ಬೇಕೇ ಬೇಕು. ಸ್ಟ್ಯಾಂಡಿನೊಳಗೆ ಕೂರುವ ಈ ಎರಡನೆಯ ತೊಟ್ಟಿಯಲ್ಲಿ ಕಸ ಹಿಡಿಯುವ ಬಟ್ಟೆಚೀಲ, ಗಾಳಿಗುಳ್ಳೆಗಳಿಂದ ಕೊಳೆಯನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್, ಹೀಟರ್, ನೀರನ್ನು ಮೇಲಕ್ಕೆ ಮರಳಿಸುವ ರಿಟರ್ನ್ ಪಂಪ್ ಎಲ್ಲವೂ ಕಣ್ಣಿಗೆ ಬೀಳದಂತೆ ಇರುತ್ತವೆ. ಮೇಲಿನ ತೊಟ್ಟಿಯ ಅಂಚಿನಿಂದ ನೀರು ಸಂಪಿಗೆ ಇಳಿಯುವುದರಿಂದ ಮೇಲ್ಮೈಯ ಜಿಡ್ಡೂ ಕಳೆಯುತ್ತದೆ, ಮೇಲಿನ ನೀರಿನ ಮಟ್ಟವೂ ಬದಲಾಗದೆ ನಿಲ್ಲುತ್ತದೆ. ಆವಿಯಾದದ್ದೆಲ್ಲ ಸಂಪಿನ ಪಂಪ್ ಇರುವ ಕೋಣೆಯಲ್ಲಿ ಮಾತ್ರ ಕಡಿಮೆಯಾಗಿ ಕಾಣುವುದರಿಂದ, ಅಲ್ಲಿ ಸಂವೇದಕವಿಟ್ಟು ಸಿಹಿನೀರನ್ನು ತಾನಾಗಿ ತುಂಬಿಸುವ ಆಟೋ ಟಾಪ್ ಆಫ್ ಅಳವಡಿಸಬಹುದು. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ; ದಿನಕ್ಕೆ 7 ಲೀಟರ್ ಹೋಗಿ ತುಂಬದೆ ಬಿಟ್ಟರೆ ಮೂರು ದಿನಗಳಲ್ಲಿ ಲವಣಾಂಶ 35ರಿಂದ 36ಕ್ಕೆ ಏರುತ್ತದೆ. ಆ ಸಿಹಿನೀರಿನ ಪಾತ್ರೆ 50 ಲೀಟರನ್ನು ಮೀರದಿರಲಿ. ಸಂವೇದಕ ಕೆಟ್ಟು ಅಷ್ಟೂ ನೀರು ಒಮ್ಮೆಗೇ ಸುರಿದರೂ ಲವಣಾಂಶ 33ರ ಆಸುಪಾಸಿಗೆ ಇಳಿದೀತೇ ಹೊರತು ತೊಟ್ಟಿ ಸಾಯುವುದಿಲ್ಲ. ನೇರವಾಗಿ ನಲ್ಲಿಗೆ ಜೋಡಿಸಿದ ವ್ಯವಸ್ಥೆಗೆ ಈ ಮಿತಿ ಇರುವುದಿಲ್ಲ.

ಕರೆಂಟ್ ಹೋದಾಗ ಸಂಪ್ ತುಂಬಿ ನೀರೆಲ್ಲ ನೆಲಕ್ಕೆ ಹರಿಯುತ್ತದಂತೆ. ತಡೆಯುವುದು ಹೇಗೆ?

ಪಂಪ್ ನಿಂತ ಕೂಡಲೇ ಎರಡು ಕಡೆಯಿಂದ ನೀರು ಕೆಳಗಿಳಿಯುತ್ತದೆ. ಓವರ್‌ಫ್ಲೋ ಅಂಚಿನ ಮೇಲಿದ್ದ ನೀರು ಒಂದು. ರಿಟರ್ನ್ ಕೊಳವೆಯ ಬಾಯಿ ನೀರಿನೊಳಗೆ ಮುಳುಗಿರುವುದರಿಂದ ಹಿಮ್ಮುಖವಾಗಿ ಸೆಳೆದು ಬರುವ ನೀರು ಇನ್ನೊಂದು. ಉದಾಹರಣೆಯ ತೊಟ್ಟಿಯ ಮೇಲ್ಮೈ 180 × 60 ಸೆಂ.ಮೀ. ಆದ್ದರಿಂದ ಮಟ್ಟ ಒಂದು ಸೆಂ.ಮೀ. ಇಳಿದರೆ 10.8 ಲೀಟರ್ ಕೆಳಗೆ ಬಂದಂತೆ. ಕೊಳವೆಯ ಬಾಯಿ 10 ಸೆಂ.ಮೀ. ಆಳದಲ್ಲಿದ್ದರೆ ನೂರು ಲೀಟರಿಗೂ ಹೆಚ್ಚು ಇಳಿದು ಸಂಪು ಉಕ್ಕುತ್ತದೆ, 2 ಸೆಂ.ಮೀ. ಆಳದಲ್ಲಿದ್ದರೆ ಕೊಳವೆಗಳ ನೀರೂ ಸೇರಿ 40 ಲೀಟರ್ ಒಳಗೇ ಮುಗಿಯುತ್ತದೆ. ಹೀಗೆ ಇಳಿಯುವ ನೀರಿಗಿಂತ ಹೆಚ್ಚು ಖಾಲಿ ಜಾಗ ಸಂಪಿನಲ್ಲಿ ಯಾವಾಗಲೂ ಉಳಿದಿರಬೇಕು. ನಾನ್-ರಿಟರ್ನ್ ವಾಲ್ವನ್ನು ನಂಬಬೇಡಿ. ಸುಣ್ಣದ ಪಾಚಿ, ಸಣ್ಣ ಬಸವನಹುಳುಗಳು ಅದರ ಬಾಗಿಲು ಮುಚ್ಚದಂತೆ ಮಾಡುತ್ತವೆ, ಅದು ಗೊತ್ತಾಗುವುದು ನೆಲ ಒದ್ದೆಯಾದ ಮೇಲೆಯೇ.

ಇದರ ವಿರುದ್ಧದ ಅಪಾಯ ಕೆಳಗಿಳಿಯುವ ಕೊಳವೆ ಕಟ್ಟಿಕೊಳ್ಳುವುದು. ಅದಕ್ಕಾಗಿ ಮೂರು ಕೊಳವೆಗಳ ಓವರ್‌ಫ್ಲೋ ಮಾಡಿಸಿ: ಗೇಟ್ ವಾಲ್ವಿನಿಂದ ಹೊಂದಿಸಿದ, ಪೂರ್ಣ ಸೈಫನ್ನಿನಲ್ಲಿ ಸದ್ದಿಲ್ಲದೆ ಹರಿಯುವುದು ಒಂದು, ತೆಳುವಾಗಿ ಹರಿಯುತ್ತ ಏರಿಳಿತ ನುಂಗುವುದು ಎರಡನೆಯದು, ಸಾಮಾನ್ಯವಾಗಿ ಒಣಗಿಯೇ ಇದ್ದು ತುರ್ತಿಗೆ ಮಾತ್ರ ಒದಗುವುದು ಮೂರನೆಯದು. ಜೀವಿಗಳನ್ನು ಬಿಡುವ ಮೊದಲೇ ಪಂಪನ್ನು ನಿಲ್ಲಿಸಿ ನೋಡಿ, ಒಂದೊಂದೇ ಕೊಳವೆಯನ್ನು ಮುಚ್ಚಿ ನೋಡಿ. ಪಂಪಿನ ಎರಡೂ ಬದಿಗೆ ಯೂನಿಯನ್ (ತಿರುಗಿಸಿ ಬಿಚ್ಚಬಹುದಾದ ಜೋಡಣೆ) ಹಾಕಿಸಿದರೆ ಕೊಳವೆ ಕತ್ತರಿಸದೆಯೇ ಅದನ್ನು ಬಿಚ್ಚಿ ತೊಳೆಯಬಹುದು.

ಪಂಪಿನ ಶಕ್ತಿ ಎಷ್ಟಿರಬೇಕು?

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ರಿಟರ್ನ್ ಪಂಪ್ ತೊಟ್ಟಿಯ ನೀರನ್ನು ಗಂಟೆಗೆ 3ರಿಂದ 5 ಬಾರಿ ಸಂಪಿನ ಮೂಲಕ ಸುತ್ತಿಸಿದರೆ ಸಾಕು, ಅಂದರೆ 2,000ದಿಂದ 3,000 ಲೀಟರ್. ಪೆಟ್ಟಿಗೆಯ ಮೇಲಿನ ಅಂಕಿ ನೀರನ್ನು ಮೇಲಕ್ಕೆತ್ತದಿದ್ದಾಗಿನದು. ಒಂದೂವರೆ ಮೀಟರ್ ಮೇಲೇರಿಸಿ, ಮೊಣಕೈಗಳನ್ನು ದಾಟಿಸಿದ ಮೇಲೆ ಎಷ್ಟು ಉಳಿಯುತ್ತದೆಂದು ತಯಾರಕರ ನಕ್ಷೆಯಲ್ಲಿ ನೋಡಬೇಕು. ಹವಳಗಳಿಗೆ ಬೇಕಾದ ಅಲೆಯಾಟವನ್ನು ತೊಟ್ಟಿಯೊಳಗಿನ ವೇವ್‌ಮೇಕರುಗಳು ಕೊಡಬೇಕು. ಮೃದು ಹವಳಗಳಿಗೆ ಗಂಟೆಗೆ 10ರಿಂದ 20 ಪಟ್ಟು, ಅಕ್ರೊಪೊರಾದಂಥ ಕಲ್ಲುಹವಳಗಳಿಗೆ 30ರಿಂದ 50 ಪಟ್ಟು ರೂಢಿ. ಒಂದೇ ದಿಕ್ಕಿನ ಬಿರುಸಾದ ಧಾರೆ ಹವಳದ ಮಾಂಸವನ್ನೇ ಕಿತ್ತು ಹಾಕುತ್ತದೆ, ಆದ್ದರಿಂದ ಎದುರುಬದಿರು ಎರಡು ಪಂಪುಗಳು ಸರದಿಯಲ್ಲಿ ನಡೆಯಲಿ.

## ಬೆಳಕು, ತಾಪ, ವಿದ್ಯುತ್

ಎಷ್ಟು ವ್ಯಾಟಿನ ಎಲ್‌ಇಡಿ ಬೇಕು?

ವ್ಯಾಟಿನಿಂದ ಏನೂ ತಿಳಿಯುವುದಿಲ್ಲ. ಹವಳದ ಅಂಗಾಂಶದೊಳಗಿನ ಸೂಕ್ಷ್ಮ ಪಾಚಿಗೆ ತಲುಪುವ ಬೆಳಕನ್ನು ಪಾರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮೃದು ಹವಳಗಳಿಗೆ 50ರಿಂದ 100, ದೊಡ್ಡ ಪಾಲಿಪಿನ (ಪಾಲಿಪ್ ಎಂದರೆ ಹವಳದ ಒಂದೊಂದು ಬಿಡಿ ಜೀವಿ) ಕಲ್ಲುಹವಳಗಳಿಗೆ 75ರಿಂದ 150, ಸಣ್ಣ ಪಾಲಿಪಿನವಕ್ಕೆ 200ರಿಂದ 350 ಸಾಕು. ಒಂದು ಎಲ್‌ಇಡಿ ಘಟಕ ಸಾಮಾನ್ಯವಾಗಿ 60 × 60 ಸೆಂ.ಮೀ. ಜಾಗವನ್ನು ಬೆಳಗುವುದರಿಂದ 180 ಸೆಂ.ಮೀ. ಉದ್ದಕ್ಕೆ ಮೂರು ಬೇಕಾಗುತ್ತವೆ. ಮಧ್ಯದಲ್ಲಿ ಪ್ರಖರವಾದ ಒಂದಕ್ಕಿಂತ ಸಮನಾಗಿ ಹರಡಿದ ಮೂರು ಸಾಧಾರಣ ದೀಪಗಳೇ ಲೇಸು. ಪಾರ್ ಮೀಟರನ್ನು ಕೊಳ್ಳಬೇಕಾಗಿಲ್ಲ, ಒಂದು ದಿನಕ್ಕೆ ಎರವಲು ತಂದು ಅಳೆದರೆ ಸಾಕು. ದಿನಕ್ಕೆ 8ರಿಂದ 10 ಗಂಟೆ ಬೆಳಕು ಕೊಡಿ. ಹೊಸ ದೀಪವನ್ನು ಅರ್ಧಕ್ಕಿಂತ ಕಡಿಮೆ ಪ್ರಖರತೆಯಲ್ಲಿ ಆರಂಭಿಸಿ ವಾರಗಳ ಮೇಲೆ ಏರಿಸಿ. ಬೆಳಕು ಕಡಿಮೆಯಾದ ಹವಳ ನಿಧಾನವಾಗಿ ಕಂದುಬಣ್ಣಕ್ಕೆ ತಿರುಗಿ ತಿದ್ದಿಕೊಳ್ಳಲು ಸಮಯ ಕೊಡುತ್ತದೆ, ಹೆಚ್ಚಾದ ಹವಳ ಕೆಲವೇ ದಿನಗಳಲ್ಲಿ ಬಿಳಿಚಿಕೊಳ್ಳುತ್ತದೆ.

ಹೀಟರ್ ಬೇಕೋ ಚಿಲ್ಲರ್ ಬೇಕೋ?

ಗುರಿ 25ರಿಂದ 26 ಡಿಗ್ರಿ. ಕೋಣೆಯ ತಾಪ ವರ್ಷದಲ್ಲಿ ಎಷ್ಟು ಏರಿ ಎಷ್ಟು ಇಳಿಯುತ್ತದೆ ಎಂಬುದೇ ಉತ್ತರವನ್ನು ನಿರ್ಧರಿಸುತ್ತದೆ. ನೀರು ಬಹುಕಾಲ 30 ಡಿಗ್ರಿಯ ಮೇಲಿದ್ದರೆ ಹವಳಗಳು ಬಿಳಿಚುತ್ತವೆ. ಸಂಪಿನ ಮೇಲೆ ಗಾಳಿ ಬೀಸುವ ಫ್ಯಾನುಗಳು ಆವಿಯಾಗುವಿಕೆಯಿಂದ ಎರಡು ಮೂರು ಡಿಗ್ರಿ ಇಳಿಸಬಲ್ಲವು, ಆದರೆ ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಅವು ಹೆಚ್ಚು ಉಪಯೋಗಕ್ಕೆ ಬಾರವು. ಅಲ್ಲಿ ಚಿಲ್ಲರ್ ಅಥವಾ ಕೋಣೆಯ ಎ.ಸಿ. ಬೇಕು. ಚಿಲ್ಲರ್ ತೆಗೆದ ಶಾಖವನ್ನು ಸುತ್ತಲಿಗೇ ಬಿಡುವುದರಿಂದ ಅದನ್ನು ಮುಚ್ಚಿದ ಸ್ಟ್ಯಾಂಡಿನೊಳಗೆ ಇಡಬಾರದು. ಹೀಟರ್ ಬೇಕಾದಲ್ಲಿ ದೊಡ್ಡದೊಂದರ ಬದಲು ಸಣ್ಣವೆರಡನ್ನು ಹಾಕಿ, ಪ್ರತ್ಯೇಕ ತಾಪನಿಯಂತ್ರಕದ ಮೂಲಕ ನಡೆಸಿ. ಒಂದು ಕೆಟ್ಟು ಉರಿಯುತ್ತಲೇ ಉಳಿದರೂ ನೀರನ್ನು ಬೇಯಿಸುವಷ್ಟು ಶಕ್ತಿ ಅದಕ್ಕಿರುವುದಿಲ್ಲ.

ಗಂಟೆಗಟ್ಟಲೆ ಕರೆಂಟ್ ಹೋದರೆ ಏನು ಗತಿ? ಷಾಕ್ ಹೊಡೆಯುವ ಭಯವೂ ಇದೆ.

ಕರೆಂಟ್ ಹೋದಾಗ ಮೊದಲು ಮುಗಿಯುವುದು ಆಮ್ಲಜನಕ. ನೀರು ಅಲುಗದಿದ್ದರೆ ಮೀನು ತುಂಬಿದ ತೊಟ್ಟಿಯಲ್ಲಿ ಕೆಲವೇ ಗಂಟೆಗಳಲ್ಲಿ ಉಸಿರಾಟ ಕಷ್ಟವಾಗುತ್ತದೆ. ತಾಪ ಮತ್ತು ಬೆಳಕಿನ ಚಿಂತೆ ಅನಂತರದ್ದು. ಹಾಗಾಗಿ ಬ್ಯಾಟರಿಯ ಮೇಲೆ ಎಲ್ಲವನ್ನೂ ನಡೆಸಬೇಕಾಗಿಲ್ಲ. ಮೇಲ್ಮೈಯನ್ನು ಕಲಕುವ ಒಂದು ಡಿಸಿ ವೇವ್‌ಮೇಕರ್ ಬಹಳ ಹೊತ್ತು ನಡೆದರೆ ಸಾಕು, ಜೊತೆಗೆ ಬ್ಯಾಟರಿಯ ಏರ್ ಪಂಪ್ ಒಂದಿರಲಿ.

ಸುರಕ್ಷತೆಗೆ, ವಿದ್ಯುತ್ ಸೋರಿದ ಕೂಡಲೇ ಸರಬರಾಜು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕಡ್ಡಾಯ. ಒಂದೇ ಆರ್‌ಸಿಸಿಬಿ ಬಿದ್ದಾಗ ಎಲ್ಲವೂ ಒಮ್ಮೆಗೇ ನಿಲ್ಲದಂತೆ ಎರಡು ಪ್ರತ್ಯೇಕ ಮಾರ್ಗಗಳನ್ನು ಎಳೆಸಿ, ವೇವ್‌ಮೇಕರುಗಳನ್ನು ಎರಡಕ್ಕೂ ಹಂಚಿ. ಸಾಕೆಟ್ಟುಗಳು ಸಂಪಿನ ಮೇಲೆ ಇರದೆ ಪಕ್ಕದಲ್ಲಿ, ಎತ್ತರದಲ್ಲಿರಲಿ. ಪ್ರತಿ ತಂತಿಯೂ ಸಾಕೆಟ್ಟಿಗಿಂತ ಕೆಳಕ್ಕೆ ಇಳಿಬಿದ್ದು ಮತ್ತೆ ಮೇಲೇರಿದರೆ, ಅದರಗುಂಟ ಹರಿದ ನೀರು ಕೆಳಗೇ ತೊಟ್ಟಿಕ್ಕುತ್ತದೆ. ಖರ್ಚಿನ ಅಂದಾಜು ಬೇಕಿದ್ದರೆ: 400 ವ್ಯಾಟಿನ ದೀಪಗಳು 9 ಗಂಟೆ ಉರಿದರೆ 3.6 ಯೂನಿಟ್, ದಿನವಿಡೀ ನಡೆಯುವ ಪಂಪುಗಳೂ ಸ್ಕಿಮ್ಮರೂ ಸೇರಿ 140 ವ್ಯಾಟಾದರೆ 3.4 ಯೂನಿಟ್. ತಾಪನಿಯಂತ್ರಣ ಇದರ ಮೇಲೆ.

## ಕಲ್ಲು, ಕಾಯುವಿಕೆ, ಜೀವಿಗಳು

ಲೈವ್ ರಾಕ್ ಬೇಕೇ, ಡ್ರೈ ರಾಕ್ ಸಾಲದೇ?

ಇಂಡೋನೇಷ್ಯಾದ ಲೀ ಚಿನ್ ಎಂಗ್ 1960ರ ದಶಕದ ಆರಂಭದಲ್ಲೇ ಜೀವಂತ ಕಲ್ಲು (ಬ್ಯಾಕ್ಟೀರಿಯಾ ಮುಂತಾದ ಜೀವಿಗಳು ನೆಲೆಸಿರುವ ಲೈವ್ ರಾಕ್) ಮತ್ತು ಗಾಳಿಗುಳ್ಳೆಗಳಿಂದ ಹವಳದ ತೊಟ್ಟಿ ನಡೆಸಬಹುದೆಂದು ಬರೆದು ತೋರಿಸಿದ್ದರು. ಮುಂದೆ ಬರ್ಲಿನ್ ಪದ್ಧತಿ ಆ ಕಲ್ಲಿಗೆ ಸ್ಕಿಮ್ಮರನ್ನೂ ಬಲವಾದ ಬೆಳಕನ್ನೂ ಸೇರಿಸಿತು. ಇಂದಿಗೂ ತೊಟ್ಟಿಯ ಮುಖ್ಯ ಶೋಧಕ ರಂಧ್ರಮಯ ಕಲ್ಲೇ. ಜೀವಿಗಳಿಲ್ಲದ ಒಣ ಕಲ್ಲಾದ ಡ್ರೈ ರಾಕಿನಲ್ಲಿ ಉಪದ್ರವಿ ಜೀವಿಗಳು ಬರುವುದಿಲ್ಲ, ಕಡಲಿನ ಹವಳದ ದಿಬ್ಬದಿಂದ ಕಲ್ಲು ಕೀಳಬೇಕಾಗಿಯೂ ಇಲ್ಲ. ಆದರೆ ಬ್ಯಾಕ್ಟೀರಿಯಾಗಳ ವೈವಿಧ್ಯ ನೆಲೆಯೂರಲು ತಿಂಗಳುಗಳು ಹಿಡಿಯುತ್ತವೆ, ಆ ಅವಧಿಯಲ್ಲಿ ಕಂದು ಪೊರೆ ಕಟ್ಟುವ ಸೂಕ್ಷ್ಮಜೀವಿಗಳಾದ ಡಯಾಟಮ್, ಡೈನೊಫ್ಲ್ಯಾಜಲೇಟ್‌ಗಳ ಕಾಟ ಹೆಚ್ಚು. ಹೆಚ್ಚಿನ ಭಾಗ ಡ್ರೈ ರಾಕ್ ಹಾಕಿ, ನಂಬಿಕೆಯ ಹಳೆಯ ತೊಟ್ಟಿಯಿಂದ ತಂದ ಕೆಲವು ಕಿಲೋ ಜೀವಂತ ಕಲ್ಲನ್ನು ಸಂಪಿನಲ್ಲಿ ಇಡುವುದೇ ಸರಿಯಾದ ದಾರಿಯೆನ್ನಿಸುತ್ತದೆ. ಕಲ್ಲನ್ನು ಮರಳಿನ ಮೇಲಲ್ಲ, ತಳದ ಗಾಜಿನ ಮೇಲೆ ನಿಲ್ಲಿಸಿ ಆಮೇಲೆ ಮರಳು ಸುರಿಯಿರಿ; ಮರಳು ತೋಡುವ ಮೀನುಗಳು ಬುಡ ಸಡಿಲಿಸಲಾರವು.

ನೀರು ತುಂಬಿ ಎಷ್ಟು ದಿನಕ್ಕೆ ಮೀನು ಬಿಡಬಹುದು? ಹವಳ?

ಅಮೋನಿಯಾ ಮೂಲವೊಂದನ್ನು ಸೇರಿಸಿದ ಮೇಲೆ ಅದು ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ನೈಟ್ರೇಟ್ ಕಾಣಿಸಬೇಕು. ಇದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ. ಆಮೇಲೆ ಒಂದೆರಡು ಮೀನು, ಪಾಚಿ ತಿನ್ನುವ ಬಸವನಹುಳುಗಳು. ಒಂದೆರಡು ತಿಂಗಳ ನಂತರ ಗಟ್ಟಿಜೀವದ ಮೃದು ಹವಳಗಳು. ಅಕ್ರೊಪೊರಾವನ್ನು ಒಂದು ವರ್ಷದವರೆಗೆ ಮುಟ್ಟದಿರುವುದೇ ಕ್ಷೇಮ.

ಮೀನುಗಳನ್ನು ಬೇರೆ ತೊಟ್ಟಿಯಲ್ಲಿಟ್ಟು ನೋಡುವುದು ನಿಜವಾಗಿಯೂ ಅಗತ್ಯವೇ?

ಅಗತ್ಯ, ಮತ್ತು ದೊಡ್ಡ ತೊಟ್ಟಿಗೆ ಇನ್ನೂ ಅಗತ್ಯ. ಬಿಳಿಚುಕ್ಕೆ ರೋಗದ ಪರಾವಲಂಬಿ ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್ ಒಮ್ಮೆ ಒಳಹೊಕ್ಕರೆ ಹವಳಗಳಿರುವ ನೀರಿಗೆ ತಾಮ್ರದ ಔಷಧಿ ಹಾಕುವಂತಿಲ್ಲ. ಆಗ ಉಳಿಯುವ ದಾರಿಯೆಂದರೆ ಕಲ್ಲುಗಳ ನಡುವೆ ಅಡಗುವ ಪ್ರತಿಯೊಂದು ಮೀನನ್ನೂ ಹಿಡಿದು ಹೊರತೆಗೆದು, ತೊಟ್ಟಿಯನ್ನು ಮೀನಿಲ್ಲದೆ ಬಿಡುವುದು. 76 ದಿನಗಳ ಅವಧಿ ಹವ್ಯಾಸಿಗಳಲ್ಲಿ ವ್ಯಾಪಕವಾಗಿ ಪಾಲನೆಯಲ್ಲಿದೆ. 80 ಲೀಟರಿನ ಬರಿ ಗಾಜಿನ ತೊಟ್ಟಿ, ಸ್ಪಂಜಿನ ಫಿಲ್ಟರ್, ಅಡಗಲು ಪಿವಿಸಿ ತುಂಡುಗಳು ಇಷ್ಟಿದ್ದರೆ ಪ್ರತ್ಯೇಕವಾಸಕ್ಕೆ ಸಾಕು. ಹವಳಗಳನ್ನು ಔಷಧಿ ನೀರಿನಲ್ಲಿ ಅದ್ದಿ, ಬುಡದ ತುಂಡನ್ನು ಬದಲಿಸಿ, ಐಪ್ಟೇಸಿಯಾ ಎಂಬ ಉಪದ್ರವಿ ಸಮುದ್ರ ಅನಿಮೋನ್ ಮತ್ತು ಚಪ್ಪಟೆಹುಳುಗಳ ಮೊಟ್ಟೆಗಳಿಗಾಗಿ ನೋಡಬೇಕು.

ಯಾವ ಮೀನು, ಯಾವ ಹವಳ ಕೊಂಡರೆ ಸಮುದ್ರಕ್ಕೆ ಹಾನಿಯಾಗುವುದಿಲ್ಲ?

ಸಾಕಣೆಯಲ್ಲೇ ಹುಟ್ಟಿದವನ್ನು ಕೇಳಿ ಕೊಳ್ಳಿ. ಕ್ಲೌನ್‌ಫಿಶ್ ಬಹುಕಾಲದಿಂದ ಹಾಗೆ ಸಿಗುತ್ತಿದೆ. ಹಳದಿ ಟ್ಯಾಂಗನ್ನು ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್ 2015ರಲ್ಲಿ ಮೊದಲ ಬಾರಿಗೆ ಸಾಕಣೆಯಲ್ಲಿ ಬೆಳೆಸಿತು. ಬಂಗ್ಗಾಯ್ ಕಾರ್ಡಿನಲ್ ತನ್ನ ನೆಲೆಯಲ್ಲಿ ಅಳಿವಿನಂಚಿನಲ್ಲಿದೆ, ಆದರೆ ಮನೆಯ ತೊಟ್ಟಿಯಲ್ಲೂ ಮರಿ ಮಾಡುತ್ತದೆ; ಕಡಲಿನಿಂದ ಹಿಡಿದದ್ದನ್ನು ಕೊಳ್ಳಲು ಯಾವ ಕಾರಣವೂ ಇಲ್ಲ. ಎಲ್ಲ ಕಲ್ಲುಹವಳಗಳೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ, ಕೆಲವು ದೇಶಗಳ ಕಾನೂನು ಅವನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿದೆ. ತೊಟ್ಟಿಗೆ ಅಳತೆ ಕೊಡುವ ಮುನ್ನವೇ ನಿಮ್ಮಲ್ಲಿನ ಕಾನೂನನ್ನು ತಿಳಿದುಕೊಳ್ಳಬೇಕು.

## ತೊಟ್ಟಿ ನೆಲೆನಿಂತ ಮೇಲೆ

ಕ್ಯಾಲ್ಸಿಯಂ 420 ಇದೆ, ಆದರೂ ಹವಳದ ತುದಿಗಳು ಸುಡುತ್ತಿವೆ. ಏಕೆ?

ಕ್ಷಾರೀಯತೆಯನ್ನು, ಅಂದರೆ ಮುಖ್ಯವಾಗಿ ನೀರಿನಲ್ಲಿ ಕರಗಿರುವ ಕಾರ್ಬೊನೇಟುಗಳ ಪ್ರಮಾಣವನ್ನು ಅಳೆಯಿರಿ; ಅದರ ಮಾನ ಡಿಕೆಎಚ್. ಹವಳ ಅಸ್ಥಿ ಕಟ್ಟುವಾಗ ಕ್ಷಾರೀಯತೆ 2.8 ಡಿಕೆಎಚ್ ಇಳಿದರೆ ಕ್ಯಾಲ್ಸಿಯಂ ಲೀಟರಿಗೆ 20 ಮಿಲಿಗ್ರಾಂ ಮಾತ್ರ ಇಳಿಯುತ್ತದೆ. ದಿನಕ್ಕೆ 1 ಡಿಕೆಎಚ್ ಖರ್ಚಾದಾಗ ಕ್ಯಾಲ್ಸಿಯಂನಲ್ಲಾಗುವ 7 ಮಿಲಿಗ್ರಾಂ ಬದಲಾವಣೆ ಮನೆಯ ಪರೀಕ್ಷಾ ಕಿಟ್ಟಿಗೆ ಸ್ಪಷ್ಟವಾಗಿ ಕಾಣುವುದೇ ಇಲ್ಲ. 750 ಲೀಟರಿನಲ್ಲಿ ಆ 1 ಡಿಕೆಎಚ್ ಎಂದರೆ ಪ್ರತಿದಿನ ಸುಮಾರು 13 ಗ್ರಾಂ ಹೊಸ ಹವಳದ ಕಲ್ಲು. ಕ್ಷಾರೀಯತೆ 7ರಿಂದ 9ರ ನಡುವೆ ಯಾವುದಾದರೂ ಒಂದು ಅಂಕಿಯಲ್ಲಿ ಅಲುಗಾಡದೆ ನಿಲ್ಲಲಿ. ಕ್ಯಾಲ್ಸಿಯಂ 400ರಿಂದ 450, ಮೆಗ್ನೀಸಿಯಂ 1,250ರಿಂದ 1,350 ಇರಲಿ. ಪೋಷಕಾಂಶ ತೀರ ಕಡಿಮೆಯಿದ್ದು ಕ್ಷಾರೀಯತೆ 10 ದಾಟಿದಾಗ ತುದಿಗಳು ಸುಡುವುದು ಸಾಮಾನ್ಯ.

ಹವಳಗಳ ಈ ಖರ್ಚು ಕಡಿಮೆಯಿರುವಾಗ ಆವಿಯಾದ ನೀರಿನ ಬದಲಿಗೆ ತಿಳಿ ಸುಣ್ಣದ ನೀರನ್ನು ಹನಿಸಬಹುದು. ದಿನಕ್ಕೆ 7 ಲೀಟರ್ ಹೋಗುವ ತೊಟ್ಟಿಗೆ ಅದು ಸುಮಾರು 1 ಡಿಕೆಎಚ್ ಒದಗಿಸುತ್ತದೆ. ಅದರ ಪಿಎಚ್ 12ರ ಮೇಲಿರುವುದರಿಂದ ಒಮ್ಮೆಗೇ ಸುರಿಯಬಾರದು. ಖರ್ಚು ಇದನ್ನು ಮೀರಿದಾಗ ಡೋಸಿಂಗ್ ಪಂಪುಗಳಿಂದ ಕ್ಯಾಲ್ಸಿಯಂ ಮತ್ತು ಕ್ಷಾರೀಯತೆಯ ಎರಡು ದ್ರಾವಣಗಳು, ಅಥವಾ ಕಲ್ಲಿನ ತುಂಡುಗಳನ್ನು ಕರಗಿಸಿ ಕೊಡುವ ಕ್ಯಾಲ್ಸಿಯಂ ರಿಯಾಕ್ಟರ್ ಬೇಕಾಗುತ್ತದೆ.

ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ. ಹವಳಗಳೇಕೆ ಕಳೆಗುಂದಿವೆ?

ಅವು ಹಸಿದಿವೆ. ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಮಿಲಿಗ್ರಾಂ ಇರುವಂತೆ ನೋಡಿಕೊಳ್ಳಿ. ಫಾಸ್ಫೇಟ್ ಹೀರುವ ಕಣಗಳನ್ನು ತೆಗೆಯಿರಿ, ಮೀನಿಗೆ ಆಹಾರ ಹೆಚ್ಚಿಸಿ. ಎರಡೂ ಸೊನ್ನೆಯಾದ ತೊಟ್ಟಿಯಲ್ಲೇ ಡೈನೊಫ್ಲ್ಯಾಜಲೇಟ್‌ಗಳು ಮೇಲುಗೈ ಸಾಧಿಸುತ್ತವೆ.

ಬೆಳಗಿನ ಜಾವ ಪಿಎಚ್ 7.7ಕ್ಕೆ ಇಳಿಯುತ್ತದೆ. ಪಿಎಚ್ ಏರಿಸುವ ಪುಡಿ ಹಾಕಲೇ?

ಹಾಕಬೇಡಿ; ಅದು ಕ್ಷಾರೀಯತೆಯನ್ನು ಕದಡುತ್ತದೆ. ಮುಚ್ಚಿದ ಮನೆಯಲ್ಲಿ ಜನರ ಉಸಿರಿನಿಂದ ಕೂಡಿಕೊಳ್ಳುವ ಕಾರ್ಬನ್ ಡೈಆಕ್ಸೈಡೇ ಬಹುಪಾಲು ಇದಕ್ಕೆ ಕಾರಣ. ಒಂದು ಕಿಟಕಿಯನ್ನು ತೆರೆದಿಟ್ಟು ಮರುದಿನ ಅಳೆದು ನೋಡಿ. ಏರಿದ್ದರೆ ಸ್ಕಿಮ್ಮರಿನ ಗಾಳಿಕೊಳವೆಯನ್ನು ಹೊರಗಿನಿಂದ ಎಳೆಸಿ. ಬೆಳಕಿಲ್ಲದ ಹೊತ್ತಿನಲ್ಲಿ ಸಂಪಿನಲ್ಲಿ ಕೀಟೊಮಾರ್ಫಾ ಪಾಚಿಗೆ ದೀಪ ಹಚ್ಚಿದರೂ ರಾತ್ರಿಯ ಇಳಿತ ಕಡಿಮೆಯಾಗುತ್ತದೆ.

ಕಲ್ಲಿನ ತುಂಬ ಜೋಆಂಥಿಡ್ ಎಂಬ ಹವಳದಂಥ ಜೀವಿ ಹಬ್ಬಿದೆ. ಕಲ್ಲನ್ನು ತೆಗೆದು ಬಿಸಿನೀರಿನಲ್ಲಿ ಕುದಿಸಿಬಿಡಲೇ?

ಯಾವ ಕಾರಣಕ್ಕೂ ಕುದಿಸಬೇಡಿ. ಪ್ಯಾಲಿಥೋವಾ ಮತ್ತು ಅದರ ಹತ್ತಿರದ ಕೆಲವು ಜೋಆಂಥಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ತೀವ್ರ ವಿಷವಿರುತ್ತದೆ, ಕುದಿಸಿದರೆ ಅದು ನಾಶವಾಗದೆ ಆವಿಯ ಹನಿಗಳೊಂದಿಗೆ ಇಡೀ ಮನೆಗೆ ಹರಡುತ್ತದೆ. ಹೀಗೆ ಕುಟುಂಬದವರೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಒಣಗಿಸಿ ಉಜ್ಜುವುದು, ಒತ್ತಡದ ನೀರಿನಿಂದ ತೊಳೆಯುವುದು ಸಹ ಬೇಡ. ಕತ್ತರಿಸುವಾಗ ಕೈಗವಸು ಮತ್ತು ಕಣ್ಣಿನ ರಕ್ಷಕ ಹಾಕಿಕೊಳ್ಳಿ, ಕೈಯಲ್ಲಿ ಗಾಯವಿದ್ದರೆ ಮುಟ್ಟಲೇಬೇಡಿ. ಕೆಲಸದ ನಂತರ ಜ್ವರ, ಉಸಿರಾಟದ ತೊಂದರೆ, ಕಣ್ಣುರಿ, ಬಾಯಲ್ಲಿ ಲೋಹದ ರುಚಿ ಇವುಗಳಲ್ಲಿ ಯಾವುದೇ ಕಾಣಿಸಿದರೂ ತಕ್ಷಣ ಎಲ್ಲರೂ ಮನೆಯಿಂದ ಹೊರಬಂದು ಆಸ್ಪತ್ರೆಗೆ ಹೋಗಬೇಕು, ಮತ್ತು ಪ್ಯಾಲಿಟಾಕ್ಸಿನ್ ಇರುವ ಹವಳವನ್ನು ಮುಟ್ಟಿದ್ದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಬೇಕು.